ಬೋನು ತರಿಸುವ ಮೊದಲು

ಕಾಡುಪ್ರಾಣಿಗಳು ನಾಡಿಗೆ ನುಗ್ಗುತ್ತಿವೆ ಎಂಬ ಮಾತನ್ನು ನೀಲಗಿರಿಯಲ್ಲಿ ಈಗ ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸಿದವನನ್ನು ಒಂದೋ ಅರಣ್ಯ ಇಲಾಖೆಯ ಚೇಲಾ ಅನ್ನುತ್ತಾರೆ, ಇಲ್ಲವೇ ಕೊಯಮತ್ತೂರಿನಿಂದ ಶನಿವಾರ ಬಂದು ಭಾನುವಾರ ಇಳಿದುಹೋಗುವ ಕ್ಯಾಮೆರಾದವನು ಅನ್ನುತ್ತಾರೆ. ನಾನು ಎರಡೂ ಅಲ್ಲ. ಕೀಳ್ ಕೋತಗಿರಿಯಲ್ಲಿ ಒಂದು ತುಂಡು ಟೀ ತೋಟ, ಅದರಂಚಿಗೆ ನಾಲ್ಕು ಸಾಲು ಬೀನ್ಸು, ಮಳೆಗೆ ಎರಡು ಕಡೆ ಸೋರುವ ಒಂದು ಹಂಚಿನ ಮನೆ ಇಟ್ಟುಕೊಂಡು ಬದುಕುವವನು. ಕಾಟಿ, ಅಂದರೆ ಕಾಡುಕೋಣ, ತುಳಿದ ಬೀನ್ಸಿನಲ್ಲಿ ನನ್ನದೂ ಇದೆ, ಕರಡಿ ಗೀರಿದ ಬಾಗಿಲುಗಳಲ್ಲಿ ನನ್ನದೂ ಒಂದು. ಹಾಗಿದ್ದೂ ಈ ಮಾತು ಸುಳ್ಳು ಎನ್ನುತ್ತೇನೆ. ಬರೀ ಸುಳ್ಳಾಗಿದ್ದರೆ ಹೋಗಲಿ ಎನ್ನಬಹುದಿತ್ತು, ಇದು ಜನರನ್ನು ಕೊಲ್ಲುವ ಸುಳ್ಳು.

ಈ ನಂಬಿಕೆಗೆ ಎರಡು ಮುಖ. ಊರಿನವರದು: ಪ್ರಾಣಿ ಹೆಚ್ಚಿವೆ, ಕಾಡು ಬಿಟ್ಟು ಬಂದಿವೆ, ಹಿಡಿದು ವಾಪಸ್ ಬಿಡಿ. ಪೇಟೆಯ ಓದಿದವರದು: ಜನ ಹೆಚ್ಚಿದ್ದಾರೆ, ಕಾಡಿಗೆ ನುಗ್ಗಿದ್ದಾರೆ, ಅವರನ್ನು ಹಿಂದೆ ಸರಿಸಿ. ಹೊರಗೆ ಕಿತ್ತಾಡುವ ಈ ಇಬ್ಬರೂ ಒಳಗೊಳಗೆ ಒಂದು ಮಾತು ಒಪ್ಪಿಕೊಂಡಿದ್ದಾರೆ. ಇಲ್ಲೊಂದು ಗೆರೆ ಇದೆ, ಆಚೆ ಕಾಡು, ಈಚೆ ನಾಡು, ಯಾರೋ ಒಬ್ಬರು ದಾಟಿದ್ದಾರೆ. ನನ್ನ ತಕರಾರು ಆ ಗೆರೆಯ ಮೇಲೆಯೇ. ಈ ಇಳಿಜಾರಿನಲ್ಲಿ ಅಂಥದ್ದೊಂದು ಇಲ್ಲ. ಇಲ್ಲಿ ಮನುಷ್ಯರೂ ಪ್ರಾಣಿಗಳೂ ಹಂಚಿಕೊಂಡಿರುವುದು ಹೊತ್ತನ್ನು. ಒಂದೇ ಕಾಲುದಾರಿ ಬೆಳಿಗ್ಗೆ ಎಂಟರಿಂದ ನಮ್ಮದು, ಸಂಜೆ ಆರರಿಂದ ಅವುಗಳದು. ಈ ಎರಡು ಹೊತ್ತು ಒಂದರ ಮೇಲೊಂದು ಬಿದ್ದಾಗಲೇ ಬಹುಪಾಲು ಅನಾಹುತ ಆಗುವುದು. ಹಾಗೆ ಬೀಳುವ ಕಾಲ ಆಶ್ವೀಜ, ಕಾರ್ತಿಕ.

ಕಾವ್ಯದಲ್ಲಿ ಓದಿದ ಶರದೃತುವನ್ನು ಹುಡುಕಿಕೊಂಡು ಇಲ್ಲಿಗೆ ಬಂದವರಿಗೆ ನಿರಾಸೆಯೇ ಗತಿ. ತಿಳಿಯಾದ ಆಕಾಶವೂ ಇಲ್ಲ, ಬೆಳ್ಳಿಮೋಡವೂ ಇಲ್ಲ. ಮುಂಗಾರಿನ ಬಹುಪಾಲನ್ನು ಬೆಟ್ಟದ ಪಡುವಣ ಭಾಗವೇ ಹಿಂಡಿಕೊಳ್ಳುತ್ತದೆ. ಪೂರ್ವಕ್ಕೆ ಬಾಗಿರುವ ನಮ್ಮ ಕಡೆಗೆ ನಿಜವಾದ ಮಳೆ ಎಂದರೆ ಹಿಂಗಾರು. ನವೆಂಬರಿನ ಹವಾಮಾನ ಇಲಾಖೆಯ ಮಳೆಪಟ್ಟಿ ನೋಡುವವರಿಗೆ ‘ಕೀಳ್ ಕೋತಗಿರಿ ಎಸ್ಟೇಟ್’ ಎಂಬ ಹೆಸರು ಹೊಸದಲ್ಲ. ಮಳೆ ಬಿದ್ದ ವಾರದಲ್ಲೇ ಟೀ ಗಿಡಗಳು ಚಿಗುರುತ್ತವೆ. ವರ್ಷದ ಎರಡನೆಯ ದೊಡ್ಡ ಎಲೆ ಸುಗ್ಗಿ ಇದು. ಗಿಡದ ಸಾಲುಗಳ ನಡುವೆ, ರಸ್ತೆಯ ಬದಿಗೆ, ಬೀಳುಬಿಟ್ಟ ತೋಟಗಳಲ್ಲಿ ಎಳೆ ಹುಲ್ಲೂ ಅದೇ ವಾರ ಎದ್ದು ನಿಲ್ಲುತ್ತದೆ. ಲಂಟಾನದಲ್ಲಿ ಹಣ್ಣು. ನೆನೆದ ಮಣ್ಣಿನಲ್ಲಿ ಗೆದ್ದಲ ಹುತ್ತ ಕೆದಕುವುದು ಕರಡಿಗೆ ಸಲೀಸು. ಹೀಗೆ ನಮ್ಮ ಕೂಲಿಯ ಸುಗ್ಗಿ, ಕಾಟಿಯ ಮೇವಿನ ಸುಗ್ಗಿ, ಕರಡಿಯ ಸುಗ್ಗಿ ಮೂರೂ ಒಂದೇ ಮೂರೆಕರೆಯಲ್ಲಿ ಒಟ್ಟಿಗೆ ಕೂಡುತ್ತವೆ. ಹಿಮಾಲಯದಿಂದಲೂ ಅದರಾಚೆಯಿಂದಲೂ ಹಾರಿಬಂದ ಬೂದು ಕುಂಡೆಕುಸ್ಕ ಸೆಪ್ಟೆಂಬರಿಗೇ ಎಸ್ಟೇಟ್ ರಸ್ತೆಯ ನೀರಗುಂಡಿಯ ಬಳಿ ಬಾಲ ಕುಣಿಸುತ್ತಿರುತ್ತದೆ. ಅಷ್ಟು ದೂರದಿಂದ ಬಂದ ಹಕ್ಕಿ ಊರಿಗೆ ನುಗ್ಗಿತು ಎಂದು ಇದುವರೆಗೆ ಯಾರೂ ಅರ್ಜಿ ಕೊಟ್ಟಿಲ್ಲ.

ಈಗ ಬೆಳಕಿನ ಲೆಕ್ಕ. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರೂಮುಕ್ಕಾಲಕ್ಕೆ. ನವೆಂಬರ್ ನಡುವೆ ಆರಕ್ಕೆ ಮೊದಲೇ. ಪಂಚಾಂಗದ ಈ ಮುಕ್ಕಾಲು ಗಂಟೆಯ ಕಡಿತದ ಮೇಲೆ ನಮ್ಮ ಇಳಿಜಾರಿನದೇ ಇನ್ನೊಂದು ಕಡಿತ ಇದೆ. ಸೂರ್ಯ ಹಿಂದಿನ ಬೆಟ್ಟಸಾಲಿಗೆ ಮೊದಲೇ ಮರೆಯಾಗುತ್ತಾನೆ, ಕೆಳಗಿನ ಕಣಿವೆಯಿಂದ ಮಂಜು ಏರುತ್ತದೆ. ಐದೂವರೆಗೆ ಹತ್ತು ಮಾರು ದೂರದ ಸಿಲ್ವರ್ ಓಕ್ ಮರ ಕಾಣುವುದಿಲ್ಲ. ಎಲೆ ಕೀಳುವ ಹೆಂಗಸಿನ ಗಡಿಯಾರ ಮಾತ್ರ ಜೂನಿನದೇ. ಸಣ್ಣ ತೋಟಗಳಲ್ಲಿ ಕೂಲಿ ಕಿಲೋ ಲೆಕ್ಕ. ಸುಗ್ಗಿಯಲ್ಲಿ ಎಲೆ ಇದ್ದಷ್ಟು ಹೊತ್ತು ಕೀಳಬೇಕು, ಕಿತ್ತದ್ದನ್ನು ಮೂಟೆ ಕಟ್ಟಿ ರಸ್ತೆಬದಿಯ ಶೆಡ್ಡಿಗೆ ಹೊರಬೇಕು, ಲಾರಿ ಬರುವ ತನಕ ಕಾಯಬೇಕು, ತೂಕ ನೋಡಿ ಚೀಟಿ ಪಡೆಯಬೇಕು. ಹಸಿ ಎಲೆ ಮೂಟೆಯಲ್ಲೇ ಬೆಚ್ಚಗಾಗಿ ಕೆಂಪಾಗುವ ಸರಕು, ಅಂದೇ ಫ್ಯಾಕ್ಟರಿ ಸೇರಬೇಕು, ನಾಳೆಗೆ ಅನ್ನುವಂತಿಲ್ಲ. ಲಾರಿ ತಡವಾದರೆ ಅವಳ ಸಂಜೆಯೂ ತಡ.

ಅಂಥದೊಂದು ಸಂಜೆ ನಮ್ಮ ಶೆಡ್ಡಿನಿಂದ ಇಳಿಯುವ ಕಾಲುದಾರಿಯಲ್ಲಿ ನಾನೂ ಎಲೆ ಕೀಳುವ ಹೆಂಗಸರ ಹಿಂದೆ ಇದ್ದೆ. ಮುಂದಿದ್ದ ಹಿರಿಯಳು ಮಾತು ನಿಲ್ಲಿಸಿ ಹಿಂದಕ್ಕೆ ಕೈ ಚಾಚಿದಳು. ದಾರಿ ತಿರುಗುವಲ್ಲಿ, ಟೀ ಗಿಡಗಳ ಸಮತಟ್ಟು ಹಸಿರಿನ ಮೇಲೆ, ಕಪ್ಪನೆಯ ಬೆನ್ನಿನ ದಿಣ್ಣೆಯೊಂದೇ ತೇಲುತ್ತಿತ್ತು. ಕಾಲು ಕಾಣದು, ತಲೆ ಕಾಣದು. ಆಮೇಲೆ ತಲೆ ಎದ್ದಿತು. ಕೊಂಬಿನ ಬುಡದಲ್ಲಿ ಕಿತ್ತ ಬಳ್ಳಿ ಸಿಕ್ಕಿಕೊಂಡು ಕಿವಿಯ ಮೇಲೆ ಜೋತುಬಿದ್ದಿತ್ತು, ಮೂಗಿನಿಂದ ಹಬೆ. ಸಾಮಿ, ದಾರಿ ಬಿಡಪ್ಪಾ ಎಂದಳು ಹಿರಿಯಳು, ಮನೆಯ ಯಜಮಾನನಿಗೆ ಹೇಳುವ ದನಿಯಲ್ಲಿ. ಯಾರೂ ಓಡಲಿಲ್ಲ, ಯಾರೂ ಟಾರ್ಚನ್ನು ಕಣ್ಣಿಗೆ ಬಿಡಲಿಲ್ಲ. ಅದು ಒಮ್ಮೆ ಬುಸ್ಸೆಂದು ಉಸಿರು ಬಿಟ್ಟು, ಮೊಣಕಾಲಿನ ಕೆಳಗಿನ ಬಿಳಿಗಾಲು ಎತ್ತಿಟ್ಟು, ಮೇಲಿನ ತಟ್ಟಿಗೆ ಹತ್ತಿತು. ಮುಕ್ಕಾಲು ಟನ್ನಿಗೆ ಮೇಲೆ ತೂಗುವ ಪ್ರಾಣಿ ಗಿಡದ ಸಾಲಿನ ನಡುವೆ ಒಂದು ಕೊಂಬೆಯೂ ಮುರಿಯದ ಹಾಗೆ ಹೋಯಿತು. ಅದು ಸಾಧು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಹಿರಿಯಳು ಇಲ್ಲದೆ, ಇಯರ್‌ಫೋನ್ ಹಾಕಿಕೊಂಡ ಒಬ್ಬ ಹುಡುಗ ಆ ತಿರುವಿನಲ್ಲಿ ಅದರ ಮೈಮೇಲೇ ಹೋಗಿ ಬಿದ್ದಿದ್ದರೆ ಮರುದಿನದ ಪತ್ರಿಕೆಯಲ್ಲಿ ಬರುತ್ತಿದ್ದದ್ದು ಬೇರೆ ಸುದ್ದಿ. ಆ ಸುದ್ದಿಯ ಕೊನೆಯ ಸಾಲು ಮಾತ್ರ ಯಾವಾಗಲೂ ಒಂದೇ: ಬೋನು ಇಡುವಂತೆ ಸಾರ್ವಜನಿಕರ ಆಗ್ರಹ.

ಆಗ್ರಹದ ಬೆನ್ನಿಗಿರುವ ಮೊದಲ ವಾದ: ನಾವು ಚಿಕ್ಕವರಿದ್ದಾಗ ಕಾಟಿಯೇ ಇರಲಿಲ್ಲ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಚಿಕ್ಕವರಿದ್ದ ಕಾಲ ಯಾವುದು? ಈಗ ಅರವತ್ತು ದಾಟಿದವರ ಬಾಲ್ಯ ಎಂದರೆ 1960, 70ರ ದಶಕ. ಅದಕ್ಕೆ ಮೊದಲಿನ ನೂರು ವರ್ಷ ಈ ಬೆಟ್ಟದಲ್ಲಿ ಬಂದೂಕು ನಿಂತಿರಲಿಲ್ಲ. ಬೇಟೆಗೆ ಪ್ರಾಣಿಯೇ ಸಿಗದಂತಾದೀತೆಂದು ಬೇಟೆಗಾರ ದೊರೆಗಳೇ ಹೆದರಿ 1877ರಲ್ಲಿ ಸಂಘ ಕಟ್ಟಿದರು, 1879ರಲ್ಲಿ ನೀಲಗಿರಿಗೆಂದೇ ಬೇಟೆ ನಿಯಂತ್ರಣದ ಕಾಯಿದೆ ತಂದರು. ಅಂದರೆ ಪ್ರಾಣಿ ಕಡಿಮೆಯಾದದ್ದು ಆಗಲೇ. ಆಮೇಲೆ 1968ರಲ್ಲಿ ಮುದುಮಲೆ, ಬಂಡೀಪುರದ ಕಾಡುಗಳಿಗೆ ದೊಡ್ಡರೋಗ ಬಂತು. ದನಗಳಿಂದ ಹಬ್ಬಿದ ಈ ರೋಗಕ್ಕೆ ಕಾಟಿಗಳು ಹಿಂಡುಹಿಂಡಾಗಿ ಸತ್ತವು. 1972ರಲ್ಲಿ ವನ್ಯಜೀವಿ ಕಾಯಿದೆ ಬಂತು, ಲಸಿಕೆಯಿಂದ ದೊಡ್ಡರೋಗ ದೇಶ ಬಿಟ್ಟಿತು, 2011ರಲ್ಲಿ ಲೋಕದಿಂದಲೇ ಹೋಯಿತೆಂದು ಘೋಷಣೆಯಾಯಿತು. ಬಂದೂಕಿನಿಂದ, ರೋಗದಿಂದ ಬರಿದಾಗಿದ್ದ ನಡುವಿನ ಒಂದು ತುಂಡು ಕಾಲವನ್ನೇ ನಾವು ಅನಾದಿ ಕಾಲ ಎಂದುಕೊಂಡು, ಅದಕ್ಕೆ ಹೋಲಿಸಿ ಈಗಿನದು ವಿಪರೀತ ಅನ್ನುತ್ತಿದ್ದೇವೆ. ಬರಗಾಲದ ವರ್ಷ ಹುಟ್ಟಿದವನು ಕೆರೆಯಲ್ಲಿ ನೀರು ಕಂಡು ಪ್ರವಾಹ ಬಂತು ಎಂದು ಕೂಗಿದ ಹಾಗೆ.

ಪೇಟೆಯವರ ವಾದ ಇನ್ನೂ ಸಲೀಸು: ಜನಸಂಖ್ಯೆ ಸ್ಫೋಟ, ಒತ್ತುವರಿ, ಪಾಪದ ಪ್ರಾಣಿಗಳು ಎಲ್ಲಿಗೆ ಹೋಗಬೇಕು. ಊಟಿಯ ರೆಸಾರ್ಟುಗಳನ್ನು ನೋಡಿ ಇಡೀ ಜಿಲ್ಲೆಯನ್ನು ಅಳೆದವರ ಮಾತು ಇದು. ಜನಗಣತಿಯ ಪುಸ್ತಕ ತೆರೆದರೆ ನೀಲಗಿರಿ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 7,62,141, 2011ರಲ್ಲಿ 7,35,394. ಆ ದಶಕದಲ್ಲಿ ತಮಿಳುನಾಡಿನಲ್ಲಿ ಜನ ಇಳಿದ ಜಿಲ್ಲೆ ಇದೊಂದೇ. ಕಾರಣ ಇಲ್ಲಿಯ ಪ್ರತಿ ಮನೆಗೂ ಗೊತ್ತು. ಸೋವಿಯತ್ ಒಕ್ಕೂಟ ಕುಸಿದು ಅಲ್ಲಿಯ ಮಾರುಕಟ್ಟೆ ಕೈತಪ್ಪಿತು, 1990ರ ದಶಕದ ಕೊನೆಗೆ ಹಸಿರೆಲೆಯ ಬೆಲೆ ನೆಲಕಚ್ಚಿತು. ರಾಗಿ, ಸಾಮೆ, ಗೋಧಿ, ಆಲೂಗಡ್ಡೆ ಬೆಳೆದು ಎಮ್ಮೆ ಸಾಕುತ್ತಿದ್ದ ಬಡಗರ ಹಟ್ಟಿಗಳು ಒಂದೆರಡು ತಲೆಮಾರಿನೊಳಗೆ ಎಲ್ಲವನ್ನೂ ಬಿಟ್ಟು ಟೀಗೆ ಬಂದಿದ್ದವು, ಟೀ ಕೈಕೊಟ್ಟಿತು. ಹುಡುಗರು ಕೊಯಮತ್ತೂರಿಗೆ, ತಿರುಪ್ಪೂರಿಗೆ, ಬೆಂಗಳೂರಿಗೆ ಇಳಿದರು. ಕೀಳದೆ ಬಿಟ್ಟ ಟೀ ಗಿಡ ಹತ್ತು ವರ್ಷಕ್ಕೆ ಮರವಾಗುತ್ತದೆ, ಅದರ ಕೆಳಗೆ ಲಂಟಾನ, ಅದರೊಳಗೆ ಹಗಲು ಮಲಗಲು ಕರಡಿಗೆ ತಂಪು ಜಾಗ. ಬೀಗ ಹಾಕಿದ ಮನೆಯ ಜಗಲಿಯಲ್ಲಿ ಚಿರತೆ ಕೂತ ವಿಡಿಯೊ ನೋಡಿ ಚಿರತೆ ಬಂತು ಎಂದೆವು. ಮನುಷ್ಯ ಹೋದದ್ದನ್ನು ಯಾರೂ ವಿಡಿಯೊ ಮಾಡಲಿಲ್ಲ.

ಎಮ್ಮೆಯ ಮಾತಿಗೆ ಒಂದು ಸಣ್ಣ ಬಾಲಂಗೋಚಿ. ಹಟ್ಟಿಯ ಎಮ್ಮೆಗಳು ದಿನವಿಡೀ ಮೇಯುತ್ತಿದ್ದ ಹುಲ್ಲುಗಾವಲಿನಲ್ಲಿ ಜೊತೆಗೆ ಕಾಯುವ ಹುಡುಗನೂ ಇರುತ್ತಿದ್ದ, ಸಂಜೆ ಹೊಡೆದುಕೊಂಡು ಬರುವ ಗದ್ದಲವೂ ಇರುತ್ತಿತ್ತು. ದಾರಿಗಳು ಸದ್ದು ಮಾಡುತ್ತಿದ್ದವು. ಈಗ ಅದೇ ದಾರಿಯಲ್ಲಿ ಸಂಜೆ ಒಬ್ಬಳೇ ಒಬ್ಬಳು ಸದ್ದಿಲ್ಲದೆ ನಡೆಯುತ್ತಾಳೆ.

ಇನ್ನು ಬೋನಿನ ವಿಷಯ. ಹಿಡಿದು ಕಾಡಿಗೆ ಬಿಡಿ ಅನ್ನುವವರನ್ನು ಕೇಳಬೇಕು, ಯಾವ ಕಾಡಿಗೆ? ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ನೆಲ ಅರಣ್ಯ ಇಲಾಖೆಯ ಕಡತದಲ್ಲಿದೆ, ನಿಜ. ಆ ಕಡತದೊಳಗೆ ನೀಲಗಿರಿ ಮರ, ಪೈನ್, ವಾಟಲ್ ನೆಟ್ಟ ಗುಡ್ಡಗಳೆಷ್ಟು? ತೊಗಲು ಹದ ಮಾಡುವ ಚಕ್ಕೆಗೆಂದು, ಸಿರುಮುಗೈಯ ರೇಯಾನ್ ಕಾರ್ಖಾನೆಯ ತಿರುಳಿಗೆಂದು ಹುಲ್ಲುಗಾವಲಿನ ಮೇಲೆ ಮರ ನೆಟ್ಟವರು ಸರಕಾರದವರೇ. ಕಾರ್ಖಾನೆ ಮುಚ್ಚಿತು, ವಾಟಲ್ ಉಳಿಯಿತು. ಅದರ ನೆರಳಲ್ಲಿ ಕಾಟಿ ಮೇಯುವ ಹುಲ್ಲು ಹುಟ್ಟುವುದು ಅಷ್ಟಕ್ಕಷ್ಟೇ. ಕೋತಗಿರಿಯ ಪಕ್ಕದಲ್ಲಿ ಉಳಿದಿರುವ ನಿಜವಾದ ಶೋಲಾ ಕಾಡು ಲಾಂಗ್‌ವುಡ್. 2024ರ ಜನವರಿಯಲ್ಲಿ ಕರ್ನಾಟಕದ ಅಘನಾಶಿನಿ ಅಳಿವೆ, ಮಾಗಡಿ ಕೆರೆ, ಅಂಕಸಮುದ್ರಗಳ ಜೊತೆಗೇ ಅದಕ್ಕೂ ಜೌಗುನೆಲಗಳಿಗೆ ಸಿಗುವ ರಾಮ್ಸರ್ ಪಟ್ಟ ಸಿಕ್ಕಿತು. ಅದರ ವಿಸ್ತಾರ 116 ಹೆಕ್ಟೇರ್. ಈ ಸುತ್ತಿನ ಹಿಂಡುಗಳನ್ನೆಲ್ಲ ಅಲ್ಲಿ ಕೂಡಿಹಾಕಿದರೆ ಎಷ್ಟು ದಿನ ನಿಂತಾವು?

ಹಿಡಿದು ಬಿಟ್ಟ ಮೇಲೆ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಡ. ಪಂದಲೂರಿನ ಮಖ್ನಾ ಆನೆಯನ್ನು, ಅಂದರೆ ದಂತವಿಲ್ಲದ ಗಂಡಾನೆಯನ್ನು, 2022ರ ಡಿಸೆಂಬರಿನಲ್ಲಿ ಹಿಡಿದು ಮುದುಮಲೆಗೆ ಬಿಟ್ಟರು. ಜನವರಿಯ ಮೊದಲ ವಾರಗಳಲ್ಲೇ ಅದು ಗಡಿ ದಾಟಿ ಕೇರಳದ ಸುಲ್ತಾನ್ ಬತ್ತೇರಿಯ ಪೇಟೆಬೀದಿಯಲ್ಲಿತ್ತು. ಕೇರಳದ ಚಿನ್ನಕ್ಕನಾಲಿನ ಅರಿಕೊಂಬನ್ ಎಂಬ ಆನೆಯನ್ನು 2023ರ ಏಪ್ರಿಲ್‌ನಲ್ಲಿ ಪೆರಿಯಾರ್ ಕಾಡಿಗೆ ಸಾಗಿಸಿದರು. ಮುಂದಿನ ತಿಂಗಳು ಅದು ತಮಿಳುನಾಡಿನ ಕಂಬಂ ಪಟ್ಟಣಕ್ಕೆ ಇಳಿದಿತ್ತು. ಮಹಾರಾಷ್ಟ್ರದ ಜುನ್ನರ್ ಕಡೆ 2001ರಿಂದ ಮೂರು ವರ್ಷ ಚಿರತೆ ಹಿಡಿದು ಬೇರೆಡೆ ಬಿಡುವುದೇ ಒಂದು ಕಾರ್ಯಕ್ರಮವಾಯಿತು. ವಿದ್ಯಾ ಆತ್ರೇಯ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅದಕ್ಕೆ ಮೊದಲು ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿತು. ತನ್ನ ಹೊತ್ತು, ತನ್ನ ದಾರಿ, ಯಾವ ಮನೆಯಲ್ಲಿ ಎಷ್ಟು ಹೊತ್ತಿಗೆ ದೀಪ ಆರುತ್ತದೆ ಎಂಬುದೆಲ್ಲ ಗೊತ್ತಿದ್ದ ಪ್ರಾಣಿಯನ್ನು ಗೊತ್ತಿಲ್ಲದ ಊರಿನ ಅಂಚಿಗೆ ಎಸೆದದ್ದರ ಫಲ ಅದು. ಖಾಲಿಯಾದ ಜಾಗ ಖಾಲಿ ಉಳಿಯುವುದೂ ಇಲ್ಲ. ಹಾಸನದ ಆಲೂರು ಭಾಗದಿಂದ 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದರು. ಸಕಲೇಶಪುರದ ಕಾಫಿ ಬೆಳೆಗಾರನನ್ನು ಕೇಳಿ, ಇವತ್ತು ಅಲ್ಲಿ ಆನೆ ಇದೆಯೋ ಇಲ್ಲವೋ.

ಒಂದು ಮಾತನ್ನು ಒಪ್ಪುತ್ತೇನೆ. ಮನುಷ್ಯರನ್ನು ಮತ್ತೆ ಮತ್ತೆ ಹಿಡಿಯುವ ಒಂದು ನಿರ್ದಿಷ್ಟ ಪ್ರಾಣಿಯನ್ನು ಅಲ್ಲಿಂದ ತೆಗೆಯಲೇಬೇಕು. ಗೂಡಲೂರು, ಮಸಿನಗುಡಿಯ ಜನರನ್ನು ನಡುಗಿಸಿದ ಟಿ23 ಹುಲಿಯನ್ನು 21 ದಿನ ಹುಡುಕಿ 2021ರ ಅಕ್ಟೋಬರ್ 15ರಂದು ಹಿಡಿದು ಮೈಸೂರಿಗೆ ಸಾಗಿಸಿದ್ದು ಸರಿಯಾದ ಕೆಲಸ. ಗುರುತು ಹಿಡಿದು ಒಂದನ್ನೇ ಹುಡುಕಿದರು. ನಮ್ಮ ಊರುಗಳಲ್ಲಿ ಏಳುವ ಬೇಡಿಕೆ ಆ ಥರದ್ದಲ್ಲ. ಟೀ ತೋಟದಲ್ಲಿ ಕಂಡ ಚಿರತೆ ಯಾವುದಾದರೂ ಸರಿ, ಹಿಡಿಯಿರಿ. ಬೋನಿಗೆ ಬೀಳುವುದು ಅಂದು ಹಸಿದ, ಅನುಭವವಿಲ್ಲದ ಯಾವುದೋ ಒಂದು.

ಬೇಟೆಗೆ ಪರವಾನಗಿ ಕೊಡಿ ಎನ್ನುವವರಿಗೂ ಉತ್ತರ ಕೊಡಬೇಕು. ಅವರಲ್ಲಿ ಪಶ್ಚಿಮಘಟ್ಟಕ್ಕಾಗಿ ಬದುಕನ್ನೇ ತೆತ್ತ ಮಾಧವ ಗಾಡ್ಗೀಳರೂ ಇದ್ದರು. 1972ರ ಕಾಯಿದೆ ಹಳ್ಳಿಗನ ಕೈ ಕಟ್ಟಿಹಾಕಿದೆ, ಬೇರೆ ದೇಶಗಳಲ್ಲಿ ಇರುವಂತೆ ಲೆಕ್ಕವಿಟ್ಟು ಬೇಟೆಯಾಡಲು ಬಿಡಬೇಕು ಎಂಬುದು ಅವರ ವಾದವಾಗಿತ್ತು. ಹಳ್ಳಿಗನ ಕೈ ಕಟ್ಟಿದೆ ಎಂಬಲ್ಲಿವರೆಗೆ ಅವರ ಜೊತೆ ನಡೆಯುತ್ತೇನೆ. ಬೆಳೆನಷ್ಟದ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವನಿಗೆ ಆ ಸಿಟ್ಟು ಅರ್ಥವಾಗುತ್ತದೆ. ಕಾಡುಹಂದಿಯ ಲೆಕ್ಕ ಬೇರೆ, ಆ ಚರ್ಚೆ ಬೇರೆಯೇ ಆಗಲಿ. ಆದರೆ ಕಾಟಿ, ಕರಡಿ, ಚಿರತೆಗೆ ಬಂದೂಕು ಏನು ಮಾಡೀತು? ಹತ್ತು ಕಾಟಿಯಲ್ಲಿ ಮೂರನ್ನು ಹೊಡೆದರೆ ಉಳಿದ ಏಳು ಐದೂವರೆಯ ಮಂಜಿನಲ್ಲಿ ಅದೇ ತಿರುವಿನಲ್ಲೇ ಇರುತ್ತವೆ, ಮೊದಲಿಗಿಂತ ಹೆದರಿ, ಮೊದಲಿಗಿಂತ ಬೇಗ ಮೈಮೇಲೆ ಬರುವಂತಾಗಿ. ಗಾಯಗೊಂಡು ಲಂಟಾನದೊಳಗೆ ಸೇರಿದ ಕರಡಿಯ ಪಕ್ಕದ ಸಾಲಿನಲ್ಲಿ ಮರುದಿನ ಎಲೆ ಕೀಳಲು ಹೋಗುವವಳು ಪರವಾನಗಿ ಪಡೆದ ಬೇಟೆಗಾರ ಅಲ್ಲ.

ಪ್ರಾಣಿಪ್ರಿಯರ ಇನ್ನೊಂದು ಜಾತಿ ಇದೆ, ನನಗೆ ಬೋನಿನವರಿಗಿಂತ ಇವರ ಮೇಲೆ ಸಿಟ್ಟು ಹೆಚ್ಚು. ಹುಲ್ಲುಹಾಸಿನ ಮೇಲೆ ಕಾಟಿ ನಿಂತ ಚಿತ್ರವನ್ನೇ ಜಾಹೀರಾತು ಮಾಡಿಕೊಂಡು ರೂಮು ಬಾಡಿಗೆಗೆ ಕೊಡುವವರು. ಇವರ ಅಡುಗೆಮನೆಯ ಹಿಂಬದಿಗೆ ಹೋಗಿ ನೋಡಿ. ಉಳಿದ ಅನ್ನ, ಕೋಳಿ ಮೂಳೆ, ಎಣ್ಣೆ ಜಿಡ್ಡಿನ ಕಾಗದ ಒಂದು ಗುಂಡಿಯಲ್ಲಿ. ರಾತ್ರಿ ಅತಿಥಿಗಳಿಗೆ ಕರಡಿ ತೋರಿಸುವ ಸುಲಭ ಉಪಾಯ ಅದು. ಎಣ್ಣೆಯ ರುಚಿ ಕಂಡ ಕರಡಿ ಆಮೇಲೆ ಹುತ್ತ ಕೆದಕುವ ಕಷ್ಟಕ್ಕೆ ಯಾಕೆ ಹೋದೀತು? ನೀಲಗಿರಿಯಲ್ಲಿ ಶಾಲೆಯ ಬಿಸಿಯೂಟದ ಕೋಣೆ, ರೇಷನ್ ಅಂಗಡಿ, ದೀಪದ ಎಣ್ಣೆ ಇಟ್ಟ ಗುಡಿ, ಲೈನ್ ಮನೆಯ ಒಲೆಮೂಲೆ, ಎಲ್ಲದರ ಬಾಗಿಲನ್ನೂ ಕರಡಿ ಮುರಿದದ್ದಿದೆ. ನನ್ನ ಬಾಗಿಲಿನಲ್ಲಿ ಐದು ಸಾಲು ಗೀರು, ಮೇಲಿಂದ ಕೆಳಕ್ಕೆ, ಹಲಗೆಯ ಎಳೆ ಎದ್ದು ಬಂದಿದೆ. ಅಂಗಳದಲ್ಲಿ ಬಿಟ್ಟುಹೋದ ಲದ್ದಿಯನ್ನು ಕಡ್ಡಿಯಲ್ಲಿ ಕೆದಕಿ ನೋಡಿದೆ: ಲಂಟಾನದ ಬೀಜ, ಜೀರುಂಡೆಯ ರೆಕ್ಕೆ, ನಡುವೆ ಬಿಸ್ಕತ್ತು ಪೊಟ್ಟಣದ ಹೊಳೆಯುವ ಚೂರು. ಮೊದಲಿನೆರಡು ಬೆಟ್ಟದ್ದು. ಮೂರನೆಯದಕ್ಕೆ ಬಿಲ್ ಹಾಕಿದವರು ಯಾರೋ ಇದ್ದಾರೆ. ಆ ಕರಡಿ ನಾಳೆ ಯಾರನ್ನೋ ಪರಚಿದರೆ ರೂಮಿನ ಬಾಡಿಗೆ ಎಣಿಸಿಕೊಂಡವನು ಆಸ್ಪತ್ರೆಯ ಕಡೆ ತಲೆಯನ್ನೂ ಹಾಕುವುದಿಲ್ಲ.

ಹೊತ್ತು ಹಂಚಿಕೊಳ್ಳುವುದು ನನ್ನ ತಲೆಯಲ್ಲಿ ಹುಟ್ಟಿದ ಯೋಚನೆಯಲ್ಲ. ತಮ್ಮ ಪಾಲಿನ ಒಪ್ಪಂದವನ್ನು ಪ್ರಾಣಿಗಳು ಆಗಲೇ ಪಾಲಿಸಿವೆ. ಕಾಟಿ ಮೂಲದಲ್ಲಿ ಹಗಲು ಮೇಯುವ ಪ್ರಾಣಿ, ಮನುಷ್ಯರ ಓಡಾಟ ಇದ್ದಲ್ಲಿ ಅದು ಇರುಳಿಗೆ ಸರಿಯುತ್ತದೆ. ಕೇಟ್ಲಿನ್ ಗೇನರ್ ಮತ್ತು ಜೊತೆಗಾರರು 2018ರಲ್ಲಿ ಆರು ಖಂಡಗಳ 62 ಜಾತಿಯ ಸಸ್ತನಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದೂ ಇದೇ, ಮನುಷ್ಯನಿದ್ದಲ್ಲೆಲ್ಲ ಅವು ಕತ್ತಲೆಗೆ ಜಾರಿವೆ. ಜಾಗ ಬಿಟ್ಟುಕೊಡಲು ಆಗದವು ಹಗಲನ್ನು ಬಿಟ್ಟುಕೊಟ್ಟಿವೆ. ನಾವು ಮಾತ್ರ ನಮ್ಮ ಸಂಜೆಯ ಅರ್ಧ ಗಂಟೆಯ ಬಗ್ಗೆ ಇನ್ನೂ ಮಾತೇ ಆರಂಭಿಸಿಲ್ಲ.

ಕರ್ನಾಟಕದವರಿಗೆ ಇದನ್ನು ವಿವರಿಸುವ ಅಗತ್ಯ ಇರಬಾರದು. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದ್ದು 2009ರಲ್ಲಿ. ಯಾರೂ ರಸ್ತೆ ಕೀಳಲಿಲ್ಲ, ಯಾರೂ ಜಿಂಕೆಗಳನ್ನು ಲಾರಿಗೆ ತುಂಬಿ ಸಾಗಿಸಲಿಲ್ಲ, ದಿನವನ್ನು ಎರಡು ಪಾಲು ಮಾಡಿದರು. ಅದರ ಮೇಲೆ ಒತ್ತಡ ಬಂದಾಗಲೆಲ್ಲ ಮೈಸೂರು, ಚಾಮರಾಜನಗರದ ಜನ ಬೀದಿಗಿಳಿದು ಅದನ್ನು ಉಳಿಸಿಕೊಂಡಿದ್ದಾರೆ. ಆನೆಮಲೆಯ ವಾಲ್ಪಾರೆಯಲ್ಲಿ ಎಂ. ಆನಂದಕುಮಾರ್ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ಮಾಡಿದ್ದೂ ಇಂಥದ್ದೇ. ಅಲ್ಲಿಯ ಸಾವುಗಳನ್ನು ಬಿಡಿಸಿ ನೋಡಿದಾಗ ಹೆಚ್ಚಿನವು ಮುಂದೆ ಆನೆ ಇದೆ ಎಂದು ಗೊತ್ತಿಲ್ಲದೆ ಸಂಜೆ, ಇರುಳು ನಡೆದವರದು. ಆನೆ ಎಲ್ಲಿದೆ ಎಂದು ಫೋನಿಗೆ ಸಂದೇಶ ಕಳಿಸಿದರು. ಎತ್ತರದ ಜಾಗಗಳಲ್ಲಿ ದೂರಕ್ಕೆ ಕಾಣುವ ಕೆಂಪು ದೀಪ ನೆಟ್ಟರು, ಅದನ್ನು ಹೊತ್ತಿಸುವುದು ಅದೇ ಊರಿನ ಜನ, ತಮ್ಮ ಫೋನಿನಿಂದ. ಸಾವು ಇಳಿಯಿತು. ಹಾಸನದಲ್ಲೂ ಈಗ ಆ ಸಂದೇಶ, ಎಚ್ಚರಿಕೆಯ ಬೋರ್ಡುಗಳು ಇವೆ. ಟೀ ತೋಟ ನಮ್ಮದರಂಥದೇ, ಕೂಲಿ ನಮ್ಮದರಂಥದೇ, ಅಲ್ಲಿ ಆದದ್ದು ಇಲ್ಲಿ ಯಾಕಾಗದು ಎಂದು ಕೇಳಿದರೆ ಸಿಗುವ ಉತ್ತರ: ಅದೆಲ್ಲ ಸರಿ ಸಾರ್, ಮೊದಲು ಬೋನು.

ನನ್ನ ಮಾತಿಗೆ ಇರುವ ಗಟ್ಟಿಯಾದ ಆಕ್ಷೇಪ ಒಂದೇ, ಅದನ್ನು ಎತ್ತಿದ್ದು ಆವತ್ತು ಕೈ ಚಾಚಿ ನಮ್ಮನ್ನು ನಿಲ್ಲಿಸಿದ ಆ ಹಿರಿಯಳೇ. ನಾಲ್ಕೂವರೆಗೆ ಮನೆ ಸೇರಿ ಅನ್ನುವುದು ಸುಲಭ, ಹತ್ತು ಕಿಲೋ ಎಲೆಯ ಕೂಲಿ ಯಾರು ಕೊಡುತ್ತಾರೆ? ಬಡವರೇ ಯಾಕೆ ಹೊತ್ತು ಬಿಡಬೇಕು? ಈ ಪ್ರಶ್ನೆಗೆ ಬೋನಿನವರ ಬಳಿಯೂ ಉತ್ತರವಿಲ್ಲ, ಪ್ರಾಣಿಪ್ರಿಯರ ಬಳಿಯೂ ಇಲ್ಲ. ಹೊತ್ತು ಅವಳ ಕೈಯಲ್ಲಿ ಇಲ್ಲ ಎಂಬುದೇ ಇಲ್ಲಿಯ ಮೂಲ. ಲಾರಿ ಎಷ್ಟು ಹೊತ್ತಿಗೆ ಬರಬೇಕೆಂದು ತೀರ್ಮಾನಿಸುವುದು ಫ್ಯಾಕ್ಟರಿ, ಮತ್ತು ಎಲೆ ಏಜೆಂಟು. ಕೊನೆಯ ಬಸ್ಸಿನ ಹೊತ್ತು ಡಿಪೋದ ಕೈಯಲ್ಲಿ, ಶಾಲೆಯ ಸ್ಪೆಷಲ್ ಕ್ಲಾಸು ಹೆಡ್‌ಮಾಸ್ಟರ ಕೈಯಲ್ಲಿ, ರೇಷನ್ ಎಣ್ಣೆ ಯಾವ ದಿನ ಬಂದು ಎಷ್ಟು ರಾತ್ರಿ ಗೋಡೌನಿನಲ್ಲಿ ಕೂರಬೇಕೆಂಬುದು ಇನ್ಯಾರದೋ ಕೈಯಲ್ಲಿ. ಬೋನು ಈ ಯಾರನ್ನೂ ಮುಟ್ಟುವುದಿಲ್ಲ, ಅದಕ್ಕೇ ಎಲ್ಲರಿಗೂ ಅದು ಇಷ್ಟ. ಕಬ್ಬಿಣದ ಪೆಟ್ಟಿಗೆಯನ್ನು ಲಾರಿಯಲ್ಲಿ ತಂದು ಟೀ ಗಿಡದ ನಡುವೆ ಇಳಿಸಿದರೆ ಫೋಟೊ ಬರುತ್ತದೆ, ಸಿಟ್ಟು ಇಳಿಯುತ್ತದೆ, ಮರುದಿನ ಎಲೆ ಲಾರಿ ಅದೇ ಆರೂಕಾಲಕ್ಕೆ ಬರುತ್ತದೆ.

ಕರ್ನಾಟಕದಲ್ಲಿ ನೀವು ರಾಜ್ಯೋತ್ಸವದ ಬಾವುಟ ಏರಿಸುವ ನವೆಂಬರ್ 1ರಂದೇ ತಮಿಳುನಾಡಿನ ಪಂಚಾಯತಿಗಳಲ್ಲಿ ಗ್ರಾಮಸಭೆ. ನಮ್ಮ ಸುತ್ತಿನ ಊರುಗಳಲ್ಲಿ ಅಂದು ಬೋನಿನ ಠರಾವು ಮತ್ತೆ ಬರುತ್ತದೆ, ಕೈಗಳು ಮೇಲೇಳುತ್ತವೆ. ನನ್ನದು ಏಳುವುದಿಲ್ಲ. ಬದಲಿಗೆ ಬರೆದುಕೊಟ್ಟಿರುವ ಬೇಡಿಕೆಗಳು ಇಷ್ಟು: ಅಕ್ಟೋಬರ್‌ನಿಂದ ಜನವರಿಯವರೆಗೆ ಎಲೆ ತೂಕ ನಾಲ್ಕು ಗಂಟೆಗೆ ಮುಗಿಯಬೇಕು, ಅದರಿಂದ ತಪ್ಪುವ ಕೂಲಿಯನ್ನು ಕಿಲೋ ದರದಲ್ಲೇ ಏರಿಸಿ ತುಂಬಬೇಕು. ಆ ಹಣದಲ್ಲಿ ಫ್ಯಾಕ್ಟರಿಯ ಪಾಲೆಷ್ಟು, ತೋಟದವರ ಪಾಲೆಷ್ಟು ಎಂದು ಸಭೆಯಲ್ಲೇ ಇತ್ಯರ್ಥವಾಗಲಿ, ತೋಟದವನಾಗಿ ನನ್ನ ಪಾಲನ್ನು ಕೊಡುತ್ತೇನೆ. ಸಂಜೆಯ ಬಸ್ಸು ಅರ್ಧ ಗಂಟೆ ಮೊದಲು ಹೊರಡಲಿ. ಬೀಳುಬಿಟ್ಟ ತೋಟದಲ್ಲಿ ಕಾಲುದಾರಿಯ ಎರಡೂ ಬದಿ ಐದೈದು ಮಾರು ಲಂಟಾನ ಕಡಿಯಲಿ, ಒಡೆಯ ಕೊಯಮತ್ತೂರಿನಲ್ಲಿದ್ದರೆ ಖರ್ಚು ಅವನ ತೆರಿಗೆಗೆ ಸೇರಲಿ. ಅಡುಗೆಯ ಹೊಲಸನ್ನು ಹೊರಗೆ ಎಸೆದ ರೆಸಾರ್ಟಿಗೆ ಬೀಗ. ಬಿಸಿಯೂಟದ ಎಣ್ಣೆ ರಾತ್ರಿ ಕಬ್ಬಿಣದ ಪೆಟ್ಟಿಗೆಯಲ್ಲಿ ಇರಲಿ. ಬೋನಿಗೆಂದು ತೆಗೆದಿಟ್ಟ ಕಬ್ಬಿಣ ಹೇಗೂ ಇದೆಯಲ್ಲ.